ಸಹಿ ಹಾಕಿದ ಕೈ

ಕಿಟಕಿಯ ಗಾಜು ಸಡಿಲವಾಗಿದೆ, ಕಂಪನಿ ಬಸ್ಸು ಹೆಬ್ಬಗೋಡಿಯ ಹಂಪು ಹತ್ತಿ ಇಳಿದಾಗಲೆಲ್ಲ ಗಡಗಡ ಅನ್ನುತ್ತೆ, ಗಾಜು, ಎಲ್ಲಿ ನೋಡಿದರೂ ಗಾಜೇ, ದಯಾಮಣಿ ಹಣೆಯನ್ನು ಅದಕ್ಕೇ ಆನಿಸಿ ಕಣ್ಣು ಮುಚ್ಚಿದಳು, ತಂದೆಯೇ ಅಂದಳು ಮನಸ್ಸಿನಲ್ಲಿ, ಪ್ರಾರ್ಥನೆ ಮುಂದಕ್ಕೆ ಹೋಗಲಿಲ್ಲ — ಗುರುವಾರದಿಂದ ಹೀಗೇ, ತಂದೆಯೇ ಅನ್ನೋದು, ನಿಲ್ಲೋದು, ಅಪ್ಪನ ಚಪ್ಪಲಿ ಸದ್ದು ಕೇಳಿ ಒಳಮನೆಗೆ ಸರಿದುಕೊಳ್ಳುವ ಹುಡುಗಿಯ ಹಾಗೆ. ಗುರುವಾರ ಮಧ್ಯಾಹ್ನ ಕಾರ್ಖಾನೆಯಲ್ಲಿ ಇಂಜೆಕ್ಷನ್ ಬಾಟಲಿಗಳು ದೀಪದ ಮುಂದೆ ಒಂದೊಂದಾಗಿ ಬರುತ್ತಿದ್ದವು, ಎತ್ತಿ ತಿರುಗಿಸಿ ನೋಡುವುದು ಅವಳ ಕೆಲಸ, ಆರು ವರ್ಷದಿಂದ ಅದೇ, ಒಂದರಲ್ಲಿ ಏನೋ ಮಿಂಚಿ ಮುಳುಗಿತು, ಉಗುರಿನ ಚೂರಿನಷ್ಟು ಗಾಜು, ಇನ್ನೊಂದರಲ್ಲೂ, ಎಣಿಸಿದರೆ ಐದು, ಇಷ್ಟು ಸಿಕ್ಕರೆ ಇಡೀ ಬ್ಯಾಚ್ ನಿಲ್ಲಿಸಬೇಕು, ಸೂಪರ್‌ವೈಸರ್ ಹನುಮಂತಯ್ಯನವರಿಗೆ ತೋರಿಸಿದಳು, ಅವರು ಮುಖ ಒರೆಸಿಕೊಂಡರು, ಆ ಐದನ್ನ ತೆಗೆದಾಕಿ ಮಿಕ್ಕಿದ್ದಕ್ಕೆ ಸಹಿ ಮಾಡ್ಬಿಡಮ್ಮ, ಈ ತಿಂಗಳು ಎರಡನೇ ಸಲ ಲೈನ್ ನಿಂತ್ರೆ ನನ್ನನ್ನೇ ಮನೆಗೆ ಕಳಿಸ್ತಾರೆ ಅಂದರು — ಬೇರೆ ಯಾರಾದರೂ ಆಗಿದ್ದರೆ ಆಗಲ್ಲ ಅಂತಿದ್ದಳು, ಆದರೆ ಬೀದರಿನಿಂದ ಒಂದು ಬ್ಯಾಗು ಹಿಡಿದು ಬಂದವಳನ್ನು ಈ ಕೆಲಸಕ್ಕೆ ಸೇರಿಸಿದ್ದು ಅವರೇ, ಮೊದಲ ವಾರವೆಲ್ಲ ಅವರ ಹೆಂಡತಿ ಕಟ್ಟಿಕೊಟ್ಟ ಬುತ್ತಿ, ದೋಷ ಅನ್ನುವ ಜಾಗದಲ್ಲಿ ಇಲ್ಲ ಅಂತ ಬರೆದಳು, ಎರಡೇ ಅಕ್ಷರ, ಕೆಳಗೆ ಸಹಿ.

ಶುಕ್ರವಾರ ಉಪವಾಸ ಮಾಡಿದಳು, ಸಂಜೆಗೆ ಹೊಟ್ಟೆ ಖಾಲಿಯಾಯಿತು, ಅಷ್ಟೇ, ಉಪವಾಸ ಕೊಟ್ಟು ದೇವರ ಬಾಯಿ ಮುಚ್ಚಿಸಬಹುದು ಅಂದುಕೊಂಡಿದ್ದೆಯಾ ದಯಾಮಣಿ, ಶನಿವಾರ ಅವ್ವ ಫೋನ್ ಮಾಡಿ ನನ್ನ ಮೊಣಕಾಲಿಗಿ ಒಂದೀಟು ಪ್ರಾರ್ಥನಾ ಮಾಡವ್ವ, ನಿಂದು ದೇವರಿಗಿ ಮುಟ್ಟತದ ಅಂದಳು, ಇವಳು ಹೂಂ ಅಂದಳು, ಮಾಡಲಿಲ್ಲ, ನಿನ್ನೆ ಚರ್ಚಿನಲ್ಲಿ ಪ್ರಭುಭೋಜನದ ರೊಟ್ಟಿಯ ತಟ್ಟೆ ಅವಳ ಕೈಗೆ ಬಂತು, ಮನಸ್ಸಿನಲ್ಲಿ ಪಾಪ ಇಟ್ಟುಕೊಂಡು ಮುಟ್ಟುವಂಥದ್ದಲ್ಲ, ಮುರಿದುಕೊಳ್ಳದೆ ಪಕ್ಕದ ಸವಿತಾಗೆ ದಾಟಿಸಿದಳು, ಸವಿತಾ ಅವಳ ಮುಖ ನೋಡಿದಳು. ದೇವರು ದೂರ ಹೋದ ಅನ್ನೋಣವೆಂದರೆ ಅದೂ ಅಲ್ಲ, ಅವನು ಎಲ್ಲೂ ಹೋಗಿಲ್ಲ, ಎದುರಿಗೇ ಇದ್ದಾನೆ, ಅದೇ ಕಷ್ಟ, ಅವಳಿಗೇ ಮುಖ ಎತ್ತೋಕಾಗ್ತಿಲ್ಲ — ಆ ಗಾಜು ಯಾರ ರಕ್ತದೊಳಕ್ಕೆ ಇಳಿಯುತ್ತೋ, ಆ ಬ್ಯಾಚಿನ ಲಾರಿ ಇವತ್ತು ಹೊರಡುತ್ತೆ, ಹತ್ತು ಗಂಟೆಗೆ, ಬೊಮ್ಮಸಂದ್ರ ಬಂತು, ಇಳಿ, ಕಾಲೇ ಇಳಿ.

ಮೊದಲು ಹನುಮಂತಯ್ಯನವರ ಹತ್ತಿರವೇ ಹೋದಳು, ಬೆನ್ನ ಹಿಂದೆ ಮಾಡಿದರೆ ಅದೂ ಸರಿಯಲ್ಲ, ಸಾರ್, ಶೋಭಾರಾಣಿ ಮೇಡಂಗೆ ಎಲ್ಲಾ ಹೇಳ್ತೀನಿ, ನಿಮಗೆ ತಿಳಿಸಿ ಹೋಗೋಣ ಅಂತ ಬಂದೆ, ಅವರು ಬೈಯಲಿಲ್ಲ, ಬೈದಿದ್ದರೆ ಸುಲಭವಿತ್ತು, ನಂಗೆ ಇನ್ನೆರಡು ವರ್ಷ ಸರ್ವಿಸ್ ಇದೆ ಕಣಮ್ಮ ಅಂದರು, ಗೊತ್ತು ಸಾರ್, ಅಂದಳು, ಗೊತ್ತಿದ್ದೂ ಮೇಡಂ ಕೋಣೆಯ ಮೆಟ್ಟಿಲು ಹತ್ತಿದಳು. ಶೋಭಾರಾಣಿ ಮೇಡಂ, ಬ್ಯಾಚುಗಳ ಗುಣಮಟ್ಟ ನೋಡುವವರು, ಪೂರ್ತಿ ಕೇಳಿಸಿಕೊಂಡು ಕಾಗದ ಮುಂದಿಟ್ಟರು, ಬರೀರಿ, ಬರೆದಳು, ಗಾಜು ನೋಡಿದೆ, ನೋಡಿಯೂ ಇಲ್ಲ ಎಂದು ಬರೆದೆ, ಯಾರಾದ್ರೂ ಹೇಳಿದ್ರಾ ಅಂದರು ಮೇಡಂ, ಹನುಮಂತಯ್ಯನವರು ಹೇಳಿದ್ರು, ಸಹಿ ಹಾಕಿದ ಕೈ ನಂದೇ, ಅಂದಳು. ಮೇಡಂ ಫೋನ್ ಎತ್ತಿ ಲಾರಿ ನಿಲ್ಲಿಸಿದರು, ವಿಚಾರಣೆ ಮುಗಿಯೋವರೆಗೂ ಬರಬೇಡಿ ಅಂದರು.

ಗೇಟಿನ ಕಡೆ ನಡೆಯುತ್ತಿದ್ದಾಳೆ, ಕೆಲಸ ಉಳಿಯುತ್ತೋ ಇಲ್ಲವೋ, ಹೋದರೂ ಹೇಳಿದ್ದು ಹಿಂದಕ್ಕೆ ಬರಲ್ಲ, ತಂದೆಯೇ — ಅಂದಳು, ನಿಲ್ಲಲಿಲ್ಲ, ತಂದೆಯೇ, ಹನುಮಂತಯ್ಯನವರನ್ನು ಕೈಬಿಡಬೇಡ, ನನ್ನನ್ನೂ, ಮಾತು ತಾನಾಗಿ ಬರುತ್ತಿದೆ, ಬಿಸಿಯಾಗಿ, ಗೋಡೌನಿನ ಬಾಗಿಲು ತೆರೆದಿದೆ, ಒಳಗೆ ಹನುಮಂತಯ್ಯನವರು ಆ ಬ್ಯಾಚಿನ ಡಬ್ಬಗಳಿಗೆ ಕಳಿಸಬಾರದು ಅನ್ನುವ ಕೆಂಪು ಚೀಟಿ ಅಂಟಿಸುತ್ತಿದ್ದಾರೆ, ಒಬ್ಬರೇ, ಒಂದು ಕೆಂಪು ಚೀಟಿ, ಇನ್ನೊಂದು ಡಬ್ಬ, ಇನ್ನೊಂದು ಕೆಂಪು ಚೀಟಿ, ತಂದೆಯೇ, ಇವರು, ಅವರು ತಲೆ ಎತ್ತಿ ಅವಳನ್ನು ನೋಡಿದರು, ಮತ್ತೆ ಬಗ್ಗಿದರು, ಕೆಂಪು ಚೀಟಿ, ಏಳಲು ನೋಡುವ ಅದರ ಮೂಲೆ, ಆ ಮೂಲೆಯ ಮೇಲೆ ಒತ್ತಿ ಹಿಡಿದ ಅವರ ಹೆಬ್ಬೆರಳು