ರಿಟೈರ್ಡ್ ಹರ್ಟ್

"ಔಟಾ, ಅಲ್ವಾ? ಅಷ್ಟು ಹೇಳು ಬೇಟಾ, ಸಾಕು."

ಖತೀಜಾ ಬೀ ಚಹಾದ ಲೋಟವನ್ನು ವಂಶಿಗೆ ಕೊಡದೆ ಕೈಯಲ್ಲೇ ಹಿಡಿದುಕೊಂಡು ಕೇಳಿದರು. ಅವರ ಹಿಂದೆ, ಕಿಟಕಿಯ ಪಕ್ಕದ ಮಂಚದ ಮೇಲೆ ಅವರ ಮಗ ಫರ್ದೀನ್ ಕಣ್ಣು ತೆರೆದುಕೊಂಡು ಮಲಗಿದ್ದ. ಮೂಗಿನಲ್ಲಿ ಟ್ಯೂಬು. ದೀಪಾವಳಿ ಮುಗಿದ ನಂತರದ ಭಾನುವಾರ, ಚಿಂತಾಮಣಿ ತಂಡದ ಮೇಲಿನ ಕ್ರಿಕೆಟ್ ಫೈನಲ್ಲಿನಲ್ಲಿ ಚೆಂಡು ಕಿವಿಯ ಹಿಂದೆ ಬಡಿದಾಗ ಅವನು ಬಿದ್ದಿರಲೇ ಇಲ್ಲ. ನಗುತ್ತಲೇ ನಡೆದುಹೋಗಿ ಹುಣಸೆಮರದ ಕೆಳಗೆ ಕುಳಿತ. ಯಾರೋ ನೀರು ತರುವಷ್ಟರಲ್ಲಿ ಮರಕ್ಕೊರಗಿ ನಿದ್ದೆ ಹೋದಂತಿದ್ದ. ಆ ನಿದ್ದೆಯಿಂದ ಅವನು ಪೂರ್ತಿ ಎದ್ದಿರಲಿಲ್ಲ. ಬೆಂಗಳೂರಿನ ಆಸ್ಪತ್ರೆಯಲ್ಲಿ ತಿಂಗಳ ಮೇಲೆ ಇಟ್ಟುಕೊಂಡಿದ್ದು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿಬಿಟ್ಟಿದ್ದರು.

"ಔಟಲ್ಲ ಖಾಲಾ," ಎಂದ ವಂಶಿ. ಅವನು ಶಿಡ್ಲಘಟ್ಟ ತಂಡದ ಕ್ಯಾಪ್ಟನ್. "ರಿಟೈರ್ಡ್ ಹರ್ಟ್ ಅಂತಾರೆ. ಪೆಟ್ಟಾಗಿ ತಾನಾಗೇ ಆಚೆ ಹೋಗಿರೋದು."

"ಮತ್ತೆ ಬರಬಹುದು."

"ಇನ್ನೊಂದು ವಿಕೆಟ್ ಬಿದ್ದಾಗ ಬರಬಹುದು. ರೂಲ್ಸ್ ಹಂಗೇ ಇದೆ."

ಮೊದಲ ದಿನ ಆಸ್ಪತ್ರೆಯ ಬಾಗಿಲಲ್ಲಿ, ಬೇರೆ ಯಾವ ಮಾತೂ ತೋಚದೆ ಅವನು ಹೇಳಿದ್ದೂ ಇದನ್ನೇ. ಆಮೇಲೆ ಖತೀಜಾ ಬೀ ಅದನ್ನು ಬಿಡಲಿಲ್ಲ. ಡಾಕ್ಟರು ಹೇಳಿದ ಕಾಯಿಲೆಯ ಹೆಸರು ಅವರ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. ರೇಷ್ಮೆಗೂಡಿನ ಮಾರುಕಟ್ಟೆಯ ಕಡೆಯಿಂದ ನೋಡಲು ಬಂದವರಿಗೆಲ್ಲ "ರಿಟರ್ಡ್ ಹಾಟ್" ಎನ್ನುತ್ತಿದ್ದರು. ಬಂದವರು ನಿಟ್ಟುಸಿರು ಬಿಟ್ಟರೆ, "ಔಟಲ್ಲ ಅದು" ಎಂದು ತಿದ್ದುತ್ತಿದ್ದರು.

"ಅವತ್ತು ನಿಂತುಹೋದ ಮ್ಯಾಚು ಈ ಭಾನುವಾರ ಮುಗಿಸ್ತೀವಿ ಖಾಲಾ. ಚಿಂತಾಮಣಿಯವ್ರೂ ಒಪ್ಕೊಂಡಿದಾರೆ. ನೀವು ಬೇಡ ಅಂದ್ರೆ ಬಿಟ್ಬಿಡ್ತೀವಿ."

ಖತೀಜಾ ಬೀ ಮಗನ ಕಡೆ ತಿರುಗಿ ನೋಡಿದರು. "ಆಡ್ರಿ. ಅವನ ಜಾಗ ಮಾತ್ರ ಯಾರಿಗೂ ಕೊಡ್ಬೇಡಿ."

ಭಾನುವಾರ ಮಧ್ಯಾಹ್ನವಾದರೂ ಚಳಿ ಬಿಟ್ಟಿರಲಿಲ್ಲ. ಕೆರೆಯ ಕಡೆಯಿಂದ ಗಾಳಿ ಕೊಯ್ಯುತ್ತಿತ್ತು. ಆಟ ನಿಂತಿದ್ದಲ್ಲಿಂದಲೇ ಶುರುವಾಯಿತು. ಫರ್ದೀನನಿಗೆ ಬಡಿದ ಚೆಂಡು ಎಸೆದಿದ್ದವನು ಚಿಂತಾಮಣಿಯ ಕ್ಯಾಪ್ಟನ್ ವಾದಿರಾಜ. ಇವತ್ತು ಅವನು ಒಂದು ಚೆಂಡನ್ನೂ ಎದೆಯ ಮಟ್ಟಕ್ಕೆ ಏಳಿಸಲಿಲ್ಲ. ಆದರೂ ವಿಕೆಟ್ಟುಗಳು ಉದುರಿದವು. ಗೆಲ್ಲಲು ನಾಲ್ಕು ರನ್ ಉಳಿದಿರುವಾಗ ಒಂಬತ್ತನೆಯದೂ ಬಿತ್ತು. ಬೌಲರ್ ತುದಿಯಲ್ಲಿ ವಂಶಿ ಒಬ್ಬನೇ ಉಳಿದ.

"ಮುಗೀತು ಕಣ್ರಪ್ಪಾ, ಇನ್ಯಾರೂ ಇಲ್ಲ," ಎಂದು ಅಂಪೈರ್ ಯೋಗನರಸಿಂಹ ಬೇಲ್ಸ್ ಎತ್ತಿಕೊಂಡರು. ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿ ನಿವೃತ್ತರಾದವರು, ಎರಡೂ ತಂಡದ ಹುಡುಗರಿಗೆ ಅವರ ಮಾತೇ ಕೊನೆ.

"ಇದ್ದಾನೆ. ಬರ್ತಾನೆ."

ಬೌಂಡರಿಯ ಹಗ್ಗದಾಚೆ ಖತೀಜಾ ಬೀ ನಿಂತಿದ್ದರು. ಯಾವಾಗ ಬಂದರೋ ಯಾರೂ ನೋಡಿರಲಿಲ್ಲ. ಅವರು ಕೂಗಿರಲೂ ಇಲ್ಲ. ಆದರೂ ಮೈದಾನದಲ್ಲಿದ್ದ ಎಲ್ಲರಿಗೂ ಕೇಳಿಸಿತ್ತು.

ಯೋಗನರಸಿಂಹ ಸ್ವಲ್ಪ ಹೊತ್ತು ಅವರನ್ನೇ ನೋಡಿ, ಬೇಲ್ಸನ್ನು ಸ್ಟಂಪಿನ ಮೇಲೆ ಮತ್ತೆ ಇಟ್ಟರು. "ಹೊಸ ಬ್ಯಾಟ್ಸ್‌ಮನ್ ಬರೋಕೆ ಮೂರು ನಿಮಿಷ ಟೈಮಿದೆ," ಎಂದರು. "ಕಾಯಣ."

ವಾದಿರಾಜ ಚೆಂಡು ತೆಗೆದುಕೊಂಡು ಓಟ ಶುರುಮಾಡುವ ಜಾಗಕ್ಕೆ ಹೋಗಿ ನಿಂತ. ಎದುರಿನ ಕ್ರೀಸ್ ಖಾಲಿ ಇತ್ತು. ಖತೀಜಾ ಬೀ ಊರಿನ ದಾರಿಯನ್ನು ನೋಡುತ್ತಿದ್ದರು. ಒಬ್ಬೊಬ್ಬರಾಗಿ ಆಟಗಾರರೂ ಅತ್ತ ತಿರುಗಿದರು.

ಆಗ ಸ್ಲಿಪ್ಪಿನಲ್ಲಿದ್ದವನು ಮೆಲ್ಲಗೆ ನಡೆದು ವಿಕೆಟ್ ಕೀಪರಿನ ಇನ್ನೊಂದು ಪಕ್ಕಕ್ಕೆ ಬಂದು ನಿಂತ. ಕೀಪರ್ ಒಂದು ಹೆಜ್ಜೆ ಸರಿದು ಕುಕ್ಕುರುಗಾಲಲ್ಲಿ ಕುಳಿತ. ಆಫ್ ಸೈಡಿನವರು ಪಿಚ್ ದಾಟಿ ಆಚೆಗೆ ಹೋದರು. ಯಾರೂ ಹೇಳಿರಲಿಲ್ಲ, ಯಾರೂ ಸನ್ನೆ ಮಾಡಿರಲಿಲ್ಲ. ಎಡಗೈ ಬ್ಯಾಟ್ಸ್‌ಮನ್ನಿಗೆ ನಿಲ್ಲುವ ಹಾಗೆ ಎಲ್ಲರೂ ನಿಂತುಬಿಟ್ಟಿದ್ದರು. ಫರ್ದೀನ್ ಎಡಗೈಯವನು. ವಂಶಿ ಕೆಳಗೆ ನೋಡಿಕೊಂಡರೆ, ರನ್ನಿಗೆ ಓಡಲು ಅವನ ಒಂದು ಕಾಲೂ ಗೆರೆ ದಾಟಿ ಮುಂದೆ ಹೋಗಿತ್ತು.

"ಟೈಮಾಯ್ತು ವಾದಿ," ಎಂದರು ಯೋಗನರಸಿಂಹ, ಗಡಿಯಾರದಿಂದ ಕಣ್ಣು ತೆಗೆದು. ಅವರ ದನಿ ಇಳಿದಿತ್ತು. "ನೀನು ಅಪೀಲ್ ಮಾಡಿದ್ರೆ ಟೈಮ್ಡ್ ಔಟ್ ಕೊಡ್ಬೇಕು ನಾನು."

"ನೀವೇ ಕೊಟ್ಬಿಡಿ ಸಾರ್."

"ಕೇಳ್ದೆ ಕೊಡಂಗಿಲ್ಲಪ್ಪಾ."

ವಾದಿರಾಜ ಖಾಲಿ ಕ್ರೀಸನ್ನೇ ನೋಡಿದ. ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಿದ್ದ ಕೈ ನಿಂತಿತು.

"ನಾನು ಕೇಳಲ್ಲ ಸಾರ್," ಎಂದ. ತನ್ನವರ ಕಡೆ ತಿರುಗಿ, "ಯಾರೂ ಕೇಳ್ಬೇಡ್ರೋ," ಎಂದ.

ಯಾರೂ ಕೇಳಲಿಲ್ಲ. ಹಾಗೇ ನಿಂತಿದ್ದರು. ಬಿಸಿಲು ಬೆಟ್ಟಗಳ ಹಿಂದೆ ಇಳಿಯಿತು. ಬೌಂಡರಿಯ ಕಡೆಯ ಫೀಲ್ಡರ್‌ಗಳು ಮೊದಲು ಹೊರಟರು, ಕೈಕುಲುಕದೆ, ಹಿಂದೆ ನೋಡದೆ. ಕೊನೆಗೆ ಯೋಗನರಸಿಂಹ ವಂಶಿಯ ತುದಿಯ ಸ್ಟಂಪುಗಳನ್ನು ಕಿತ್ತು ಕಂಕುಳಲ್ಲಿ ಇಟ್ಟುಕೊಂಡರು. ಎದುರು ತುದಿಯ ಸ್ಟಂಪುಗಳನ್ನು ಕೀಳಲು ಯಾರೂ ಹೋಗಲಿಲ್ಲ.

ಮನೆಯ ದಾರಿಯಲ್ಲಿ ಖತೀಜಾ ಬೀ ವಂಶಿಯನ್ನು ಒಂದೇ ಮಾತು ಕೇಳಿದರು. "ಔಟ್ ಕೊಟ್ರಾ?"

"ಇಲ್ಲ ಖಾಲಾ. ಯಾರೂ ಕೇಳ್ಲಿಲ್ಲ."

ಅವರು ತಲೆಯಾಡಿಸಿ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡರು.

ಮನೆಯ ಮೆಟ್ಟಿಲ ಮೇಲೆ ಫರ್ದೀನನ ತಂಗಿ ಸಾಬ್ರೀನ್ ಕುಳಿತು ಅಂಗಿಯೊಂದನ್ನು ಹಿಂಡುತ್ತಿದ್ದಳು. ತಾಯಿಯನ್ನು ಕಂಡು ಉರ್ದುವಿನಲ್ಲಿ ಏನೋ ಗದರಿದಳು. ಆಮೇಲೆ ವಂಶಿಗೆ ಹೇಳಿದಳು:

"ನೋಡಣ್ಣಾ, ಎಷ್ಟು ಹೊತ್ತಿಂದ ಭಾಯ್‌ಗೆ ಬೆವರೋ ಬೆವರು. ಜ್ವರಾನೂ ಇಲ್ಲ. ಇದು ಎರಡನೇ ಅಂಗಿ."

ಒಳಗಿನಿಂದ ಉಸಿರಾಟ ಕೇಳಿಸುತ್ತಿತ್ತು. ತುಂಬ ದೂರ ಓಡಿಬಂದು ನಿಂತವನ ಉಸಿರು. ವಂಶಿ ಹೊಸ್ತಿಲ ಹತ್ತಿರ ಹೋದವನು ಒಳಗೆ ಕಾಲಿಡಲಾರದೆ ನಿಂತ.

ಖತೀಜಾ ಬೀ ಮಗಳ ಕೈಯಿಂದ ಅಂಗಿ ತೆಗೆದುಕೊಂಡರು. ಕೊಡವಿ, ಅಂಗಳದ ತಂತಿಯ ಮೇಲೆ ಹರವಿ, ಎರಡು ತೋಳನ್ನೂ ನೀಟಾಗಿ ಎಳೆದು ಬಿಟ್ಟರು. ಆ ಚಳಿಯಲ್ಲಿ ಅಂಗಿಯಿಂದ ಸಣ್ಣಗೆ ಹಬೆ ಏಳುತ್ತಿತ್ತು.