ಸೊಟ್ಟಮೂತಿಯ ಬೀಜ

ಫಾರ್ಮಿನ ಗೇಟಿನಲ್ಲಿ ಮೊದಲು ಊಟದ ಡಬ್ಬಿ ತೆರೆಸುತ್ತಿದ್ದರು. ಆಮೇಲೆ ಜೇಬು, ಚಪ್ಪಲಿ, ಕೊನೆಗೆ ತುರುಬು. ಬೀಜದ ಕೋಣೆಯ ಹೆಂಗಸರು ದಿನಾ ಸಂಜೆ ಕೂದಲು ಬಿಚ್ಚಿ ತಲೆ ಕೊಡವಿ ತೋರಿಸಬೇಕು. ಒಂದೇ ಒಂದು ಬೀಜ ಉದುರಿದರೂ ಕೆಲಸ ಹೋಯಿತು.

"ಬಾಯಿ ತೆಗಿ," ಎಂದ ಕಾವಲುಗಾರ ಒಂದು ಸಂಜೆ.

"ತೆಗೆದ್ರೆ ಮುಚ್ಚೋದು ಕಷ್ಟ. ಯೋಚ್ನೆ ಮಾಡು," ಎಂದಳು ಮಾತಿನಮಲ್ಲಿ. ಅದು ಅವಳ ಹೆಸರಲ್ಲ, ಬಾಯಿಯಿಂದ ಗಳಿಸಿದ ಬಿರುದು.

ಇಷ್ಟೆಲ್ಲ ಕಾವಲು ಒಂದು ಟೊಮೆಟೊಗಾಗಿ. ನೋಡಲು ಅಂಥ ಚೆಲುವೇನಿಲ್ಲ. ಮೈಯೆಲ್ಲ ಮಡಿಕೆ, ಒಂದು ಕೆನ್ನೆ ಊದಿದ್ದರೆ ಇನ್ನೊಂದು ಬತ್ತಿರುತ್ತದೆ. ಕಚ್ಚಿದರೆ ಮಾತ್ರ ಮಾತಿನಮಲ್ಲಿಯೂ ಸುಮ್ಮನಾಗುವಂಥ ರುಚಿ. ಅವಳ ಅಮ್ಮ ಅದನ್ನು ಸೊಟ್ಟಮೂತಿ ಎಂದು ಕರೆದು, ವರ್ಷವೂ ಒಳ್ಳೊಳ್ಳೆ ಹಣ್ಣನ್ನು ಬೀಜಕ್ಕೆ ಬಿಟ್ಟು, ಕೂಲಿಯವರ ವಠಾರದ ಹಿತ್ತಲಲ್ಲಿ ಉಳಿಸಿಕೊಂಡು ಬಂದಿದ್ದಳು. ಒಮ್ಮೆ ಫಾರ್ಮಿನ ಯಜಮಾನ ರುಚಿ ನೋಡಿ, "ನಾಲ್ಕು ಹಣ್ಣು ಕೊಡಮ್ಮ" ಎಂದ. ಅಮ್ಮ ಬುಟ್ಟಿ ತುಂಬ ಕೊಟ್ಟಳು. ಅವಳು ಸತ್ತ ವರ್ಷವೇ ವಠಾರದಲ್ಲಿ ಯಾರೂ ಗಿಡ ಹಾಕಬಾರದು ಎಂದು ಅಪ್ಪಣೆಯಾಯಿತು. ಹಿತ್ತಲಲ್ಲಿದ್ದುದನ್ನೆಲ್ಲ ಕಿತ್ತು ಸುಟ್ಟರು.

ಈಗ ಬೀಜದ ಪೊಟ್ಟಣದ ಮೇಲೆ ಯಜಮಾನನ ಮುತ್ತಜ್ಜಿಯ ಚಿತ್ರವಿದೆ. ಕೆಳಗೆ "ನಮ್ಮ ಮನೆತನದ ತಳಿ" ಎಂದು ಅಚ್ಚಾಗಿದೆ. ಆ ಮುತ್ತಜ್ಜಿ ಟೊಮೆಟೊ ಕಂಡದ್ದು ಊಟದ ತಟ್ಟೆಯಲ್ಲಿ ಮಾತ್ರ. ಹುತ್ತ ಕಟ್ಟಿದ್ದು ಗೆದ್ದಲು, ಸೇರಿಕೊಂಡದ್ದು ಹಾವು.

ಮಾತಿನಮಲ್ಲಿಗೆ ಹೊಟ್ಟೆ ಉರಿಯುತ್ತಿತ್ತು. ದಿನವಿಡೀ ಅಮ್ಮನ ಹಣ್ಣನ್ನೇ ಸೀಳಿ, ತಿರುಳು ಹಿಂಡಿ ಡ್ರಮ್ಮಿಗೆ ಹಾಕುವುದು. ಮನೆಯಲ್ಲಿ ಒಂದು ಬೀಜವೂ ಇಲ್ಲ. ಬಾಗಿಲ ಮುಂದೆ ಅಮ್ಮನ ಗಿಡ ಮತ್ತೆ ಏಳಬೇಕು, ಒಂದಾದರೂ ಸಾಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಯಜಮಾನನೋ, ಎಂಜಲು ಕೈಯಲ್ಲಿ ಕಾಗೆ ಓಡಿಸದವನು. ಕೆಲಸಕ್ಕೆ ಕಟ್ಟಿಕೊಳ್ಳುವ ಏಪ್ರನ್ನುಗಳನ್ನು ಫಾರ್ಮಿನಲ್ಲೇ ಒಗೆಸಿ ಎಂದು ಹೆಂಗಸರು ಕೇಳಿಕೊಂಡಿದ್ದರು.

"ಸೋಪು ಯಾರು ಕೊಡ್ತಾರೆ? ನೀರು? ನಿಮ್ಮ ಕೊಳೆ ನೀವೇ ತೊಳ್ಕೊಳ್ಳಿ," ಎಂದಿದ್ದ.

ಹಾಗಾಗಿ ರಜೆಯ ಹಿಂದಿನ ಸಂಜೆ ಎಲ್ಲರೂ ತಿರುಳು ಮೆತ್ತಿದ ಏಪ್ರನ್ನನ್ನು ಸುತ್ತಿ ಕಂಕುಳಲ್ಲಿಟ್ಟು ಹೊರಡುತ್ತಿದ್ದರು. ತುರುಬನ್ನೂ ಬಿಡದ ಕಾವಲುಗಾರ ಆ ಹುಳಿನಾತಕ್ಕೆ ಮೂಗು ಮುಚ್ಚಿ, "ಹೋಗಿ, ಹೋಗಿ" ಎನ್ನುತ್ತಿದ್ದ. ಮನೆಯಲ್ಲಿ ನಲ್ಲಿಯ ಕೆಳಗೆ ಹಿಡಿದು ಜಾಡಿಸಿದರೆ ಎಲ್ಲವೂ ಮೋರಿ ಪಾಲು.

ಆ ಬೇಸಿಗೆಯಲ್ಲಿ ಯಜಮಾನ ವಠಾರದ ನೀರನ್ನೂ ತನ್ನ ಗಿಡಗಳಿಗೆ ತಿರುಗಿಸಿಕೊಂಡ. ನಲ್ಲಿ ಮೂರು ದಿನಕ್ಕೊಮ್ಮೆ ಕೆಮ್ಮತೊಡಗಿತು. ಮಾತಿನಮಲ್ಲಿ ಏಪ್ರನ್ನನ್ನು ಬಕೆಟ್ಟಿನಲ್ಲಿ ನೆನೆಹಾಕಿ ಕಾದಳು. ಬಕೆಟ್ಟು ನೊರೆಗಟ್ಟಿ ನಾರಿತು. ನೀರು ಬಂದ ದಿನ ಯಜಮಾನನ ವಂಶವನ್ನೆಲ್ಲ ಬೈಯುತ್ತ ಬಕೆಟ್ಟು ಬಗ್ಗಿಸಿದಳು. ಕೈ ಅಲ್ಲೇ ನಿಂತಿತು.

"ಅತ್ತಿಗೆ, ಓಡಿ ಬಾ!" ಎಂದು ಪಕ್ಕದ ಮನೆಯಲ್ಲಿದ್ದ ಅಣ್ಣನ ಹೆಂಡತಿಯನ್ನು ಕೂಗಿದಳು.

"ಏನೇ, ಹಾವಾ?"

"ಹಾವಲ್ಲ, ಅಮ್ಮ!"

ಲೋಳೆ ಬಿಟ್ಟು, ಜೊಳ್ಳೆಲ್ಲ ಮೇಲೆ ತೇಲಿ, ಗಟ್ಟಿ ಬೀಜ ಬಕೆಟ್ಟಿನ ತಳದಲ್ಲಿ ಕೂತಿತ್ತು. ಅಮ್ಮ ಮಡಕೆಯಲ್ಲಿ ತಿರುಳು ಕೊಳೆಹಾಕಿ ಮಾಡುತ್ತಿದ್ದುದೂ ಇದನ್ನೇ. ಮಾತಿನಮಲ್ಲಿ ಅಂಗೈಯಲ್ಲಿ ಬೀಜ ಹಿಡಿದು ಗಳಗಳ ಅತ್ತಳು. ಆಮೇಲೆ ನಗು ತಡೆಯಲಾಗಲಿಲ್ಲ.

ಮರುದಿನದಿಂದ ಬೀಜದ ಕೋಣೆಯ ಹೆಂಗಸರಿಗೆಲ್ಲ ಏಪ್ರನ್ನಿಗೆ ಕೈ ಒರೆಸಿಕೊಳ್ಳುವ ಕಾಯಿಲೆ ಹತ್ತಿತು. ಹಣ್ಣು ಸೀಳಿದರೆ ಒಮ್ಮೆ, ಹಿಂಡಿದರೆ ಒಮ್ಮೆ, ಸುಮ್ಮನೆ ಒಮ್ಮೆ.

"ಥೂ, ಎಷ್ಟು ಗಲೀಜು ಮಾಡ್ಕೋತೀರಿ!" ಎಂದ ಮೇಸ್ತ್ರಿ.

"ಏನ್ ಮಾಡೋದು ಸ್ವಾಮಿ, ಮನೇಲಿ ಹೇಳಿಕೊಟ್ಟಿಲ್ಲ," ಎಂದಳು ಅತ್ತಿಗೆ.

ಎಲ್ಲಕ್ಕಿಂತ ದೊಡ್ಡ ಆಶ್ಚರ್ಯವೆಂದರೆ, ಮಾತಿನಮಲ್ಲಿ ಹೊರಗಿನವರು ಯಾರಿಗೂ ಗುಟ್ಟು ಬಿಡಲಿಲ್ಲ. ಆದರೆ ಹಣ್ಣು ಕೆಂಪಾದ ಮೇಲೆ ಗುಟ್ಟೆಲ್ಲಿ ಉಳಿಯುತ್ತದೆ? ಕಾವಲುಗಾರನನ್ನು ಹಿಂದಿಟ್ಟುಕೊಂಡು ಯಜಮಾನ ವಠಾರಕ್ಕೇ ಬಂದ. ಒಡೆದ ಬಕೆಟ್ಟು, ತೂತು ಕೊಡ, ಹಳೇ ಬೂಟು, ಎಲ್ಲದರಲ್ಲೂ ಸೊಟ್ಟಮೂತಿ. ಮನೆಗೊಂದು.

"ಕಳ್ಳತನ!"

"ಯಾವುದು ಸ್ವಾಮಿ?" ಮಾತಿನಮಲ್ಲಿ ಸೊಂಟಕ್ಕೆ ಕೈಯಿಟ್ಟಳು. "ನಿಮ್ಮ ಕೊಳೆ ನೀವೇ ತೊಳ್ಕೊಳ್ಳಿ ಅಂದ್ರಿ. ತೊಳ್ಕೊಂಡ್ವಿ."

"ನಾಳೆಯಿಂದ ಏಪ್ರನ್ ಫಾರ್ಮಲ್ಲೇ ಒಗೀಬೇಕು!"

"ಎಲ್ಲರೂ ಕೇಳಿಸ್ಕೊಂಡ್ರಾ? ಸೋಪು ಅವರದ್ದು, ನೀರು ಅವರದ್ದು, ಒಗೆಯೋ ಹೊತ್ತಿನ ಕೂಲೀನೂ ಅವರದ್ದೇ!"

ಬಾಗಿಲು ಬಾಗಿಲಿನಿಂದ ಹೆಂಗಸರು "ಕೇಳಿಸ್ಕೊಂಡ್ವಿ" ಎನ್ನುತ್ತ ಹೊರಬಂದು ತಮ್ಮ ತಮ್ಮ ಗಿಡದ ಮುಂದೆ ನಿಂತರು.

"ಕೀಳೋ ಎಲ್ಲಾನೂ!" ಯಜಮಾನ ಕಾವಲುಗಾರನಿಗೆ ಅರಚಿದ.

ಅವನು ತಲೆ ಕೆರೆದುಕೊಂಡ. "ನಮ್ಮನೆ ಮುಂದೇನೂ ಒಂದಿದೆ ಯಜಮಾನ್ರೇ. ಕಿತ್ರೆ ಹೆಂಡ್ತಿ ಊಟ ಹಾಕಲ್ಲ."

ಯಜಮಾನ ತಾನೇ ಮುನ್ನುಗ್ಗಿ ಮಾತಿನಮಲ್ಲಿಯ ಗಿಡಕ್ಕೆ ಕೈ ಹಾಕಿದ. ಕಾಂಡ ಲಟಕ್ಕೆಂದಿತು. ಮಾಗಿದ ಹಣ್ಣೊಂದು ಬಿದ್ದು ಅವನ ಬೂಟಿನಡಿ ಪಚಕ್ಕನೆ ಒಡೆಯಿತು. ಅಮ್ಮನ ಗಿಡವನ್ನು ಎರಡನೇ ಸಲ ಕಿತ್ತಿದ್ದ. ಕಣ್ಣು ತುಂಬಿ ಬಂತು, ಅವಳು ಒರೆಸಿಕೊಳ್ಳಲಿಲ್ಲ.

"ಹುಷಾರು ಸ್ವಾಮಿ," ಎಂದಳು. "ಬೂಟಿಗೆ ಅಂಟ್ಕೊಂಡಿದೆ. ಹೋದ ದಾರಿಯೆಲ್ಲ ಬಿತ್ಕೊಂಡು ಹೋಗ್ತೀರಿ."

ಯಜಮಾನ ಗಕ್ಕನೆ ಕಾಲೆತ್ತಿದ. ಎಲ್ಲಿಡಬೇಕೋ ತಿಳಿಯದೆ ಒಂಟಿಕಾಲಲ್ಲಿ ನಿಂತ. ಮೊದಲು ನಕ್ಕವನು ಕಾವಲುಗಾರ. ಆಮೇಲೆ ಇಡೀ ವಠಾರ.

ಅತ್ತಿಗೆ ಬಕೆಟ್ಟು ತಂದು ಅವನ ಮುಂದಿಟ್ಟಳು.

"ಬಿಚ್ಚಿ ಕೊಡಿ ಯಜಮಾನ್ರೇ, ನೆನೆಹಾಕ್ತೀವಿ."