ಒಳಗೆ ಏನಿದೆ ಅಂತ ಕೇಳು

ನಮ್ಮತ್ತೆ ಸುಲೋಚನಾ ಮೈಸೂರಿನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಮೂವತ್ತು ವರ್ಷ ಗೃಹವಿಜ್ಞಾನ ಪಾಠ ಮಾಡಿದವರು. 2006ರ ಜೂನ್‌ನಲ್ಲಿ ಅವರು ಸ್ವೀಡನ್ನಿನ ಹೆಲ್ಸಿಂಗ್‌ಬೋರ್ಯ್‌ಗೆ ನಮ್ಮ ಮನೆಗೆ ಬಂದಾಗ ಅವರ ಪೆಟ್ಟಿಗೆಯಲ್ಲಿ ಸಾರಿನಪುಡಿ, ಉಪ್ಪಿನಕಾಯಿ ಏನೂ ಇರಲಿಲ್ಲ. "ನಾನು ಇಲ್ಲಿಯವರ ಅಡಿಗೆ ತಿನ್ನೋಕೆ ಬಂದಿದೀನಿ. ಸಾರು ಅಲ್ಲೇ ಇದೆಯಲ್ಲ" ಎಂದರು. ವಿಮಾನವೆಂದರೆ ಹೆದರುವ ಮಾವ ಮೈಸೂರಿನಲ್ಲೇ ಉಳಿದಿದ್ದರು.

ಬೇರೆಯವರ ಅತ್ತೆಯಂದಿರು ಬಂದು ಪುಳಿಯೋಗರೆ ಕಲಸುತ್ತಾ ಕೂರುತ್ತಾರೆ, ನನಗೆಂಥ ಅದೃಷ್ಟ ಎಂದು ಆ ಹೊತ್ತಿಗೆ ಹಿಗ್ಗಿದ್ದು ನಿಜ. ಜುಲೈ ರಜೆಯಲ್ಲಿ ಬಾಡಿಗೆ ಕಾರು ಹಿಡಿದು ವೆಕ್ಷೋ, ಕಾಲ್ಮಾರ್, ಓಲಾಂಡ್ ದ್ವೀಪ ನೋಡಿಕೊಂಡು ಕೊನೆಗೆ ಕಾರ್ಲ್‌ಸ್ಟಾಡ್‌ಗೆ ಹೋಗುವುದೆಂದು ನನ್ನ ಗಂಡ ಶ್ರೀನಾಥ ಲೆಕ್ಕ ಹಾಕಿದ. ಅತ್ತೆಯ ಲೆಕ್ಕ ಬೇರೆಯೇ ಇತ್ತು. ಯಾವ ಊರಿಗೆ ಹೋದರೂ ಆ ಊರಿನ ತಿಂಡಿ ತಿನ್ನಲೇಬೇಕು. ಮಾಂಸ, ಮೀನು ಕೂಡದು. ಕೇಕಿನೊಳಗಿನ ಮೊಟ್ಟೆಗೆ ಮಾತ್ರ ಮಾಫಿ.

ಯಾವುದರಲ್ಲಿ ಏನೇನಿದೆ ಎಂದು ಕೇಳುವ ಕೆಲಸ ನನ್ನ ಪಾಲಿಗೆ ಬಂತು. ಶ್ರೀನಾಥನಿಗೆ ನನಗಿಂತ ಒಳ್ಳೆಯ ಸ್ವೀಡಿಷ್ ಬರುತ್ತದೆ. ಆದರೆ ಅವನು ಕಾರು ನಿಲ್ಲಿಸಲು ಜಾಗ ಹುಡುಕುತ್ತಾನೆ, ಇಲ್ಲವೇ ಮಗ ಅದ್ವೈತನನ್ನು ಟಾಯ್ಲೆಟ್ಟಿಗೆ ಕರೆದೊಯ್ಯುತ್ತಾನೆ. ಒಂಬತ್ತು ವರ್ಷದ ಅದ್ವೈತನಿಗೆ ನೀನಾದರೂ ಕೇಳು ಎಂದರೆ, "ಅಮ್ಮಾ, ಪ್ಲೀಸ್, ಪೀನ್‌ಸಾಮ್ಟ್!" ಎನ್ನುತ್ತಾನೆ. ನಾಚಿಕೆಗೇಡು ಅಂತ.

ವೆಕ್ಷೋದಲ್ಲಿ ಒಂದು ಬೇಕರಿ. ಅಲ್ಲಿಯ ವಿಶೇಷ ಗಿಣ್ಣಿನಂತೆ ಕಾಣುವ, ಹಾಲು ಒಡೆಸಿ ಬೇಯಿಸಿದ ಸಿಹಿ. ನಮ್ಮ ಹಿಂದೆ ಎಂಟು ಜನರ ಸಾಲು.

"ಹಾಲು ಒಡೆಸೋಕೆ ಏನು ಹಾಕ್ತಾರೆ ಕೇಳು. ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಾದ್ರೆ ಬೇಡ" ಎಂದರು ಅತ್ತೆ.

ಕರು, ಹೊಟ್ಟೆ, ಹೆಪ್ಪು, ಇವನ್ನೆಲ್ಲ ನನ್ನ ಆಫೀಸಿನ ಸ್ವೀಡಿಷ್‌ನಲ್ಲಿ ಹೇಗೆ ಹೇಳುವುದು? ನನ್ನ ಹೊಟ್ಟೆ ಮುಟ್ಟಿಕೊಂಡು ತೋರಿಸಿದೆ. ಕೌಂಟರಿನ ಹುಡುಗಿ ಗಾಬರಿಯಾಗಿ ನನಗೆ ಕುರ್ಚಿ ತಂದಳು. ವಿಷಯ ಅರ್ಥವಾದ ಮೇಲೆ ಅವಳು ಅದನ್ನು ಮಾಡುವ ತನ್ನ ಅಜ್ಜಿಗೇ ಫೋನು ಮಾಡಿದಳು. ಅಜ್ಜಿಗೆ ಕಿವಿ ಮಂದ. ಸಾಲಿನ ಎಂಟೂ ಜನ ನೆಲ ನೋಡುತ್ತ ನಿಂತರು. ಯಾರಾದರೂ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಹೆಪ್ಪು ಕರುವಿನದೇ ಎಂದು ತಿಳಿದು ಅತ್ತೆ, "ಪಾಪ, ಎಷ್ಟು ಮರ್ಯಾದಸ್ಥೆ ಹುಡುಗಿ" ಎಂದು ಸಂತೋಷವಾಗಿ ಹೊರಗೆ ನಡೆದರು. ಅವರಿಗೆ ತಿನ್ನದಿದ್ದರೂ ನಡೆಯುತ್ತಿತ್ತು, ತಿಳಿದರೆ ಸಾಕಾಗಿತ್ತು.

ಕಾಲ್ಮಾರಿನಲ್ಲಿ ಎರಡು ದಿನವೂ ಇದೇ ಕತೆ. ಸೂಪಿನ ನೀರು ಯಾವುದರದು, ಬ್ರೆಡ್ಡಿಗೆ ಸವರಿದ್ದು ಯಾವ ಕೊಬ್ಬು, ಜೆಲ್ಲಿ ಗಟ್ಟಿಯಾದದ್ದು ಹೇಗೆ. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿ ಬರುವಷ್ಟರಲ್ಲಿ ನನ್ನ ತಟ್ಟೆಯಲ್ಲಿದ್ದದ್ದು ತಣ್ಣಗಾಗಿ, ಅದ್ವೈತ ಅರ್ಧ ತಿಂದು ಮುಗಿಸಿರುತ್ತಿದ್ದ. ರಜೆಯಲ್ಲೂ ಬಿಡದೆ ಆಫೀಸಿನಿಂದ ಫೋನು. ಹಿಂದಿನ ಸೀಟಿನಿಂದ ಅತ್ತೆ, "ಮುಂದಿನ ಊರಲ್ಲಿ ಏನು ಫೇಮಸ್ಸು?"

ನಾಲ್ಕನೆಯ ದಿನ ಮಧ್ಯಾಹ್ನ ಸೇತುವೆ ದಾಟಿ ಓಲಾಂಡ್‌ಗೆ ಹೋದೆವು. ಸಮುದ್ರದ ಪಕ್ಕ ಒಂದು ಸಣ್ಣ ಊಟದ ಮನೆ. ಬಿರ್ಗಿತ್ತಾ ಎಂಬ ಹೆಂಗಸು ಒಬ್ಬಳೇ ನಡೆಸುತ್ತಿದ್ದಳು. ಅದ್ವೈತ ಕಾರಿನಲ್ಲಿ ವಾಂತಿ ಮಾಡಿಕೊಂಡಿದ್ದರಿಂದ ಶ್ರೀನಾಥ ಅವನ ಅಂಗಿ ಬದಲಿಸಲು ಹೊರಗೇ ಉಳಿದ. ಪಕ್ಕದ ಮೇಜಿನಲ್ಲಿ ಬಿಳಿಯ ದುಂಡನೆಯ ಉಂಡೆಗಳು ಹಬೆಯಾಡುತ್ತಿದ್ದವು. ಮೇಲೆ ಕಾಯಿಸಿದ ಬೆಣ್ಣೆ, ಪಕ್ಕದಲ್ಲಿ ಕೆಂಪು ಹಣ್ಣಿನ ಗೊಜ್ಜು.

"ಅಯ್ಯೋ, ಇದು ನಮ್ಮ ಕಡುಬೇ ಕಣೇ!" ಅತ್ತೆಯ ಮುಖ ಅರಳಿತು. "ಒಳಗೆ ಏನಿದೆ ಅಂತ ಕೇಳು."

ಅದರ ಹೆಸರು ಕ್ರೊಪ್‌ಕಾಕಾ, ಆಲೂಗೆಡ್ಡೆಯದು ಎಂದಷ್ಟೇ ನನಗೆ ಗೊತ್ತು. ಆಫೀಸಿನ ಕ್ಯಾಂಟೀನಿನಲ್ಲಿ ಆಲೂಗೆಡ್ಡೆಯ ದೋಸೆ ತಿಂದಿದ್ದೆ. ಇದೂ ಅಂಥದ್ದೇ ಇರಬೇಕು. ಕೌಂಟರಿಗೆ ಹೋದೆ. ಬಿರ್ಗಿತ್ತಾ ನಗುತ್ತಾ ನಿಂತಿದ್ದಳು. ನನ್ನ ಬಾಯಿಂದ ಆ ಪ್ರಶ್ನೆ ಹೊರಡಲೇ ಇಲ್ಲ. ನಾಲ್ಕು ತಟ್ಟೆ ಹೇಳಿದೆ, ಟಾಯ್ಲೆಟ್ಟಿನ ಬೀಗದಕೈ ಕೇಳಿದೆ, ವಾಪಸ್ಸು ಬಂದೆ.

"ಏನಂತೆ?"

"ಬರೀ ಆಲೂಗೆಡ್ಡೆ, ಈರುಳ್ಳಿ ಅಂತೆ."

ಅತ್ತೆ ಮೊದಲ ತುತ್ತಿಗೆ ಕಣ್ಣು ಮುಚ್ಚಿದರು. ಎರಡನೆಯದನ್ನು ನಿಧಾನವಾಗಿ ಅಗಿದರು. "ಒಳಗಡೆ ಗುಲಾಬಿ ಬಣ್ಣದ್ದು ಏನೋ ಇದೆಯಲ್ಲ. ಸೋಯಾನಾ?"

ಅಷ್ಟರಲ್ಲಿ ಶ್ರೀನಾಥನ ಜೊತೆ ಒಳಗೆ ಬಂದ ಅದ್ವೈತ ತನ್ನ ತಟ್ಟೆಗೆ ಫೋರ್ಕು ಚುಚ್ಚಿದ. "ನೋ ಅಜ್ಜಿ, ದಟ್ಸ್ ಪೋರ್ಕ್. ವಿ ಗೆಟ್ ಇಟ್ ಇನ್ ಸ್ಕೂಲ್."

ಅತ್ತೆ ಕೂಗಲಿಲ್ಲ. ಕಾಗದದ ಕರವಸ್ತ್ರವನ್ನು ಬಾಯಿಗೆ ಹಿಡಿದು ಎದ್ದು ಹೊರಗೆ ಹೋದರು. ಕಿಟಕಿಯಾಚೆ ನಲ್ಲಿಯ ಹತ್ತಿರ ಬಗ್ಗಿದ್ದು ಕಂಡಿತು.

"ನೀನು ಕೇಳ್ದೆ ತಾನೆ?" ಎಂದ ಶ್ರೀನಾಥ.

"ಕೇಳ್ದೆ" ಎಂದೆ. ಆ ಎರಡನೆಯ ಸುಳ್ಳನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. "ಬರೀ ಆಲೂಗೆಡ್ಡೆ ಅಂದ್ಲು."

ಅವನು ನೇರ ಕೌಂಟರಿಗೆ ಹೋದ. ಸಸ್ಯಾಹಾರಿಗೆ ಹಂದಿಮಾಂಸ ಹೇಗೆ ಕೊಟ್ಟಿರಿ ಎಂದು ಅವನು ಸ್ವೀಡಿಷ್‌ನಲ್ಲಿ ಗಟ್ಟಿಯಾಗಿ ಕೇಳಿದಾಗ ಊಟ ಮಾಡುತ್ತಿದ್ದವರೆಲ್ಲ ಫೋರ್ಕು ಕೆಳಗಿಟ್ಟರು. ಬಿರ್ಗಿತ್ತಾಳ ಮುಖ ಬಿಳಿಚಿಕೊಂಡಿತು. ಅವಳು ನನ್ನತ್ತ ನೋಡಿ, ಬಹಳ ಮೆಲ್ಲಗೆ ಏನೋ ಹೇಳಿದಳು. ಅತ್ತೆ ಆಗಲೇ ಬಾಗಿಲಿಗೆ ಬಂದು ನಿಂತಿದ್ದರು.

"ಏನಂತಾಳೋ?" ಎಂದು ಮೊಮ್ಮಗನನ್ನು ಕೇಳಿದರು.

ಅದ್ವೈತ ನನ್ನ ಮುಖ ನೋಡಿದ, ನೆಲ ನೋಡಿದ. "ಶಿ ಸೇಸ್... ಅಮ್ಮ ಓನ್ಲಿ ಆಸ್ಕ್ಡ್ ಫಾರ್ ದ ಟಾಯ್ಲೆಟ್ ಕೀ."

ಶ್ರೀನಾಥ ಬಿರ್ಗಿತ್ತಾಳ ಕ್ಷಮೆ ಕೇಳಿದ. ನಾನೂ ಕೇಳಬೇಕಿತ್ತು, ನಾಲಿಗೆ ಏಳಲಿಲ್ಲ. ಅತ್ತೆ, "ನಂಗೆ ಸ್ನಾನ ಮಾಡ್ಬೇಕು" ಎಂದರು.

"ಹೋಟೆಲ್ಲು ಒಂದು ಗಂಟೆ ದೂರ ಇದೆಯಮ್ಮ."

"ಸಮುದ್ರ ಇಲ್ಲೇ ಇದೆಯಲ್ಲ."

ಚಪ್ಪಲಿ ಬಿಟ್ಟು, ಉಟ್ಟ ಸೀರೆಯಲ್ಲೇ ಅವರು ನೀರಿಗೆ ಇಳಿದರು. ಕಲ್ಲುಗಳ ಮೇಲೆ ಪಾಚಿ. ಅರವತ್ತೆರಡು ವರ್ಷದ ಹೆಂಗಸು ಜಾರಿ ಬಿದ್ದಾರೆಂದು ನಾನೂ ಜೀನ್ಸಿನಲ್ಲೇ ಇಳಿದು ಅವರ ಕೈ ಹಿಡಿದೆ. ಅವರು ಬಿಡಿಸಿಕೊಳ್ಳಲಿಲ್ಲ. ಚಳಿ ಮೂಳೆಗೆ ಇಳಿಯುತ್ತಿತ್ತು. ಮೂರು ಸಲ ಮುಳುಗಿ ಎದ್ದರು. ದಡದಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದ ದಂಪತಿ ಸಭ್ಯವಾಗಿ ಮುಖ ತಿರುಗಿಸಿಕೊಂಡರು. ನಿಜ ಹೇಳುತ್ತೇನೆ, ಆ ನೀರಿನಲ್ಲಿ ನನಗೆ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ, ಸಿಟ್ಟು.

"ಬೇಜಾರಾಗಿದ್ರೆ ಬೇಜಾರು ಅಂತ ಹೇಳ್ಬೇಕಿತ್ತು" ಎಂದರು ಅತ್ತೆ, ಹಲ್ಲು ಕಟಕಟಿಸುತ್ತ. "ಸುಳ್ಳು ಯಾಕೆ ಹೇಳ್ದೆ?"

"ನಾಲ್ಕು ದಿನದಿಂದ ನಾನು ಬಿಸಿ ಊಟ ಮಾಡಿಲ್ಲ ಅತ್ತೆ! ನಿಮ್ಮ ಪ್ರಶ್ನೆ ಕೇಳ್ತಾ ಕೇಳ್ತಾ ಎಲ್ಲ ಕಡೆ ನಿಂತಿರ್ತೀನಿ. ಜನ ನನ್ನನ್ನ ಹುಚ್ಚಿ ಅನ್ಕೊಂಡಿದಾರೆ. ನಿಮ್ಮ ಮಗನ್ನ ಒಂದು ಸಲ ಕೇಳಿದ್ರಾ?"

ಅವರು ಸೆರಗು ಹಿಂಡಿದರು. "ಅವನನ್ನ ಕೇಳಿದ್ರೆ ಏನಂತಾನೆ ಗೊತ್ತಲ್ಲ. 'ಇದೆಲ್ಲ ಯಾಕಮ್ಮ, ಸುಮ್ನೆ ಮೊಸರನ್ನ ತಿನ್ನು' ಅಂತಾನೆ. ಅವರಪ್ಪನೂ ಮೂವತ್ತೆಂಟು ವರ್ಷ ಅದನ್ನೇ ಅಂದಿದ್ದು. ನೀನೊಬ್ಳು ಕೇಳ್ತಿದ್ದೆ." ಹಿಂಡಿದ ಸೆರಗನ್ನು ಹೆಗಲಿಗೆ ಎಳೆದುಕೊಂಡು, "ನಿಂಗೂ ಇಷ್ಟ ಅನ್ಕೊಂಡಿದ್ದೆ" ಎಂದರು.

ಆಗ ನನಗೆ ಅಳು ಬಂತು. "ತಪ್ಪಾಯ್ತು ಅತ್ತೆ" ಎಂದೆ. ಅವರು ಆಗಲಿ ಅನ್ನಲಿಲ್ಲ, ಪರವಾಗಿಲ್ಲ ಅನ್ನಲಿಲ್ಲ. "ನಡಿ, ನೆಗಡಿ ಆಗುತ್ತೆ" ಎಂದರು.

ದಡದಲ್ಲಿ ಬಿರ್ಗಿತ್ತಾ ಎರಡು ದೊಡ್ಡ ಟವೆಲ್ ಹಿಡಿದು ನಿಂತಿದ್ದಳು. ಒಂದನ್ನು ತಾನೇ ಅತ್ತೆಯ ಹೆಗಲಿಗೆ ಹೊದಿಸಿದಳು. ನನ್ನ ನಾಲಿಗೆ ಕೊನೆಗೂ ಎದ್ದಿತು. ನನ್ನ ಹರಕು ಸ್ವೀಡಿಷ್‌ನಲ್ಲಿ, ತಪ್ಪು ನನ್ನದು, ನಾನು ಕೇಳಲೇ ಇಲ್ಲ ಎಂದೆ. ಅವಳು ತಲೆಯಾಡಿಸಿದಳು.

ಕಾರಿನಲ್ಲಿ ಶ್ರೀನಾಥ ಬಾಯಿ ತೆರೆಯುವ ಮೊದಲೇ ಹೇಳಿದೆ. "ನಾಳೆಯಿಂದ ನೀನು ಕೇಳ್ತೀಯ. ಪಾರ್ಕಿಂಗ್ ನಾನು ಹುಡುಕ್ತೀನಿ."

"ನಾನಾ? ನಾನ್ಯಾಕೆ?"

"ಅವರು ನಿನ್ನ ಅಮ್ಮ ಅದಕ್ಕೆ."

ಮುಂದಿನ ಮೂರು ದಿನ ಶ್ರೀನಾಥ ಕೇಳಿದ. ಗ್ರೆನ್ನಾ ಎಂಬ ಊರಿನಲ್ಲಿ ಕೆಂಪು ಪಟ್ಟೆಯ ಪೆಪ್ಪರ್‌ಮಿಂಟಿಗೆ ಹಾಕುವ ಬಣ್ಣ ಯಾವುದೆಂದು ಕೇಳಿದ. ಅರ್ಧ ಗಂಟೆ ಹಿಡಿಯಿತು. ಕಾರ್ಲ್‌ಸ್ಟಾಡ್‌ನಲ್ಲಿ ಹಿಟ್ಟಿನ ಗಂಜಿಯ ವಿಚಾರಕ್ಕೆ ಅಡಿಗೆಯವನ ಜೊತೆ ವಾದಕ್ಕೇ ಇಳಿದ. ಕೆಂಪು ಮುಖ ಮಾಡಿಕೊಂಡು ಬಂದು, "ಅಮ್ಮಾ, ನಿಂಗೆ ಇದೆಲ್ಲ ಯಾಕೆ..." ಎಂದು ಶುರುಮಾಡಿದವನು ನನ್ನ ಕಣ್ಣು ನೋಡಿ, "ಹಂದಿ ಕೊಬ್ಬಿದೆಯಂತೆ. ಬೇಕಾದ್ರೆ ಬೆಣ್ಣೇಲಿ ಮಾಡ್ಕೊಡ್ತಾನಂತೆ" ಎಂದು ಮುಗಿಸಿದ.

ಆ ಸಂಜೆ ಅತ್ತೆ ಮೈಸೂರಿಗೆ ಫೋನು ಮಾಡಿದರು. ಆಲೂಗೆಡ್ಡೆ ಕಡುಬಿನ ಆಕಾರ, ಬೆಣ್ಣೆ, ಹಣ್ಣಿನ ಗೊಜ್ಜು ಎಲ್ಲ ವರ್ಣಿಸಿದರು. ಸಮುದ್ರ ಬಹಳ ತಣ್ಣಗಿತ್ತು ಎಂದರು. ಒಳಗೆ ಇದ್ದದ್ದೇನೆಂದು ಮಾವನಿಗೆ ಹೇಳಲಿಲ್ಲ. ಫೋನಿಟ್ಟು ನನ್ನ ಕಡೆ ತಿರುಗಿ, ನಾಳೆ ಎಷ್ಟು ಹೊತ್ತಿಗೆ ಹೊರಡಬೇಕೆಂದು ಕೇಳಿದರು.